ಲಿಬ್ರಾದಾ ಎತ್ತುಗಳಿಗೆ ಪ್ರಾರ್ಥನೆ ಹೇಳಿದ್ದು

ಸಾನ್ ಇಲಾರಿಯೊದಲ್ಲಿ ಯಾರಾದರೂ ಸತ್ತರೆ ಪಾದ್ರಿಗಿಂತ ಮೊದಲು ಊರೆಲ್ಲ ಗೌರವದಿಂದ ದೋನ್ಯಾ ಎನ್ನುವ ಲಿಬ್ರಾದಾಳಿಗೆ ಹೇಳಿಕಳಿಸುವುದು ರೂಢಿ. ಪಾದ್ರಿ ನಾಲ್ಕಾರು ಊರಿಗೆ ಒಬ್ಬ. ಅವನು ಬಂದು ಮುಟ್ಟುವ ಹೊತ್ತಿಗೆ ಹೆಣ ಮಣ್ಣಾಗಿ, ನೆಂಟರು ಮನೆ ಯಾರಿಗೆ ಮಂಚ ಯಾರಿಗೆ ಎಂದು ಕಚ್ಚಾಡುತ್ತಿರುತ್ತಾರೆ. ಲಿಬ್ರಾದಾ ಹಾಗಲ್ಲ. ಕಪ್ಪು ಲಂಗ ಸುತ್ತಿಕೊಂಡು, ಕೈಯಲ್ಲಿ ಜಪಮಾಲೆ ಹಿಡಿದು ಬಂದು, ತಲೆದೆಸೆಯಲ್ಲಿ ಮೇಣದಬತ್ತಿ ಹಚ್ಚಿ, ಕುರ್ಚಿ ಎಳೆದು ಕೂತು ಬಾಯಿ ತೆರೆದಳೆಂದರೆ, ಬದುಕಿದ್ದಾಗ ಒಂದು ದಿನವೂ ನೆಟ್ಟಗೆ ನಡೆಯದ ಕುಡುಕನೂ ಸ್ವರ್ಗದ ದಾರಿಯಲ್ಲಿ ನೆಟ್ಟಗೆ ನಡೆಯಲೇಬೇಕು. ಅಂಥ ಕಂಠ. ಸತ್ತವರ ಮನೆಯಲ್ಲಿ ಒಂಬತ್ತು ಸಂಜೆ ಪ್ರಾರ್ಥನೆ ಹೇಳಿ, ಒಂಬತ್ತನೆಯ ಸಂಜೆ ಅವಳು "ಇನ್ನು ಹೊರಡಪ್ಪ" ಎಂದು ಕಳಿಸಿಕೊಟ್ಟ ಮೇಲೆ ಯಾವ ಆತ್ಮವೂ ಹಿಂದಿರುಗಿ ಬಂದು ಬಾಗಿಲು ಬಡಿದದ್ದಿಲ್ಲ. ಊರವರಿಗೆ ಅವಳ ಬಾಯಿಯ ಮೇಲೆ ಅಷ್ಟು ನಂಬಿಕೆ. ಅವಳಿಗೂ ಇತ್ತು, ಸ್ವಲ್ಪ ಜಾಸ್ತಿಯೇ ಇತ್ತು.

ಆ ಕೆಲಸದಲ್ಲಿ ಅವಳದೊಂದು ಕಟ್ಟುನಿಟ್ಟು. ಉಸಿರಿರುವ ತನಕ ಅವಳನ್ನು ಕರೆಯುವಂತಿಲ್ಲ. ಇನ್ನೇನು ಹೋದರು ಎಂದುಕೊಂಡು ಮುಂಚೆಯೇ ಕರೆತಂದವರ ಮನೆಯ ಜಗಲಿಯಲ್ಲಿ ಅವಳು ಕಾಫಿ ಕುಡಿಯುತ್ತಾ ಕಾಯುತ್ತಿದ್ದಳೇ ಹೊರತು ಜಪಮಾಲೆ ಮುಟ್ಟುತ್ತಿರಲಿಲ್ಲ. "ಬದುಕಿರೋರಿಗೆ ಈ ಪ್ರಾರ್ಥನೆ ಹೇಳಿದ್ರೆ ಅವರು ಎದ್ದು ಕೂತ್ಕೋತಾರೆ, ಆಮೇಲೆ ನೀವೇ ಸಾಕಬೇಕು" ಎನ್ನುತ್ತಿದ್ದಳು. ಇದನ್ನು ಯಾರೂ ತಮಾಷೆ ಎಂದುಕೊಳ್ಳಲಿಲ್ಲ.

ಅವಳ ಇನ್ನೊಂದು ಭಕ್ತಿ ಬೇಸ್‌ಬಾಲ್. ಅದರಲ್ಲಿ ಕಟ್ಟೂ ಇಲ್ಲ, ನಿಟ್ಟೂ ಇಲ್ಲ.

ನಮ್ಮದು ಕಬ್ಬಿನ ಊರು, ನಮ್ಮ ತಂಡಕ್ಕೆ ಎತ್ತುಗಳು ಎಂದು ಹೆಸರು, ಬಣ್ಣ ಹಸಿರು. ರಾಜಧಾನಿಯವರ ತಂಡ ಬೆಳ್ಳಕ್ಕಿಗಳು, ಬಣ್ಣ ಬಿಳಿ. ಹೆಸರಿಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಹೊಲದಲ್ಲಿ ಬೆಳ್ಳಕ್ಕಿ ಎಲ್ಲಿ ಕೂರುತ್ತದೆ ಎಂಬುದನ್ನು ಅವನು ನೋಡಿರಲಿಲ್ಲವೋ, ನೋಡಿಯೇ ಇಟ್ಟನೋ. ಅಕ್ಟೋಬರಿನಿಂದ ಜನವರಿಯವರೆಗೆ, ಅಂದರೆ ಪಂದ್ಯಾವಳಿ ನಡೆಯುವಷ್ಟು ಕಾಲ, ಎತ್ತಿನ ಬೆನ್ನಿನ ಆ ಒಂದು ಮಾತನ್ನು ತೆಲೆಸ್ಫೋರೊ ದಿನಕ್ಕೊಮ್ಮೆಯಾದರೂ ಹೇಳದೆ ಅಂಗಡಿಯ ಬಾಗಿಲು ಹಾಕುತ್ತಿರಲಿಲ್ಲ.

ತೆಲೆಸ್ಫೋರೊ ಮೂಲೆಯ ಕಿರಾಣಿ ಅಂಗಡಿಯವನು, ಲಿಬ್ರಾದಾಳ ಮಗಳಿಗೆ ಜ್ಞಾನಸ್ನಾನದ ದಿನ ಧರ್ಮತಂದೆಯಾಗಿ ನಿಂತವನು. ಆದ್ದರಿಂದ ಅವನಿಗೆ ಅವಳು ಕೊಮಾದ್ರೆ, ಅವಳಿಗೆ ಅವನು ಕೊಂಪಾದ್ರೆ. ನಮ್ಮಲ್ಲಿ ಈ ನಂಟು ಒಡಹುಟ್ಟಿದವರಿಗಿಂತ ಹೆಚ್ಚು, ಜಗಳಕ್ಕಂತೂ ಹೇಳಿ ಮಾಡಿಸಿದ್ದು. ರಾಜಧಾನಿಯಲ್ಲಿ ಹುಟ್ಟಿ ಹೆಂಡತಿಯ ಊರಿಗೆ ಬಂದು ಸೇರಿದ ಅವನು ಬೆಳ್ಳಕ್ಕಿಗಳ ಕಡೆಯವನು. ಬಾಳೆಕಾಯಿ ಮಾರುವುದೊಂದು ಬಿಟ್ಟರೆ ಬೇರೆ ಯಾವ ಹಸಿರು ವಸ್ತುವನ್ನೂ ಕೈಯಿಂದ ಮುಟ್ಟಿದವನಲ್ಲ.

"ಬನ್ನಿ ಕೊಮಾದ್ರೆ, ನಿನ್ನೆ ಗೆದ್ರಂತೆ?" ಎನ್ನುತ್ತಿದ್ದ, ಅವಳು ಅಕ್ಕಿಗೆ ಬಂದಾಗ.

"ಸೋತ್ವಿ ಅಂತ ಗೊತ್ತಿದ್ದೂ ಕೇಳ್ತೀಯಲ್ಲ, ನಾಲಿಗೆ ಬಿದ್ದು ಹೋಗಲ್ವ ನಿಂಗೆ?"

"ನಿಮ್ಮ ಎಡಚ ಪಿಚರ್ ಇದಾನಲ್ಲ, ರೊಸೆಂದೊ, ಅವನ ಚೆಂಡು ಬರೋಷ್ಟ್ರಲ್ಲಿ ನಾನು ಒಂದು ಲೋಟ ಶುಂಠಿ ಕಷಾಯ ಕುಡಿದು ಲೋಟ ತೊಳೆದಿಡ್ತೀನಿ."

"ಕುಡಿ, ಕುಡಿ. ನಿಮ್ಮ ಆ ದುಂಡ ನಿಕಾನೋರ್ ಒಂದು ಬೇಸ್‌ನಿಂದ ಇನ್ನೊಂದಕ್ಕೆ ಓಡೋಷ್ಟ್ರಲ್ಲಿ ನಾನು ಒಂದು ಹೆಣಾನ ಸ್ವರ್ಗಕ್ಕೆ ಕಳಿಸಿ ಮನೆಗೆ ಬಂದಿರ್ತೀನಿ. ಅಕ್ಕಿ ಸರಿಯಾಗಿ ತೂಗು, ಹೆಬ್ಬೆರಳು ತೆಗಿ."

ಅಂಗಡಿಯ ಮುಂದಿನ ಬೆಂಚಿನ ಮೇಲೆ ಡೊಮಿನೊ ಆಡುತ್ತಾ ಕೂತವರಿಗೆ ಇದೇ ಬೆಳಗಿನ ತಿಂಡಿ. ಅವರಲ್ಲಿ ಬಡಗಿ ಚಿಚೊ ಮುಖ್ಯ. ಅವನು ಊರವರಿಗೆಲ್ಲ ಶವಪೆಟ್ಟಿಗೆ ಮಾಡುವವನು, ಜೊತೆಗೆ ವರ್ಷಕ್ಕೊಮ್ಮೆ ಪುಕ್ಕಟೆಯಾಗಿ ಇನ್ನೊಂದು ಪೆಟ್ಟಿಗೆ ಮಾಡುವವನು. ಈ ಪುಕ್ಕಟೆ ಪೆಟ್ಟಿಗೆಯದ್ದೇ ನಮ್ಮ ಕಥೆ.

ಜನವರಿಯ ಕೊನೆಗೆ ಅಂತಿಮ ಪಂದ್ಯ ಮುಗಿದ ಮಾರನೆಯ ಸಂಜೆ ಗೆದ್ದವರು ಸೋತ ತಂಡದ ಶವಯಾತ್ರೆ ಮಾಡುತ್ತಾರೆ. ತೆಳು ಹಲಗೆಯ ಪೆಟ್ಟಿಗೆಗೆ ಸೋತವರ ಬಣ್ಣ ಬಳಿದು, ಬೀದಿಯಲ್ಲಿ ಮೆರವಣಿಗೆ ಮಾಡಿ, ಅಂಗಡಿಯ ಮುಂದಿಟ್ಟು ಅಳುತ್ತಾರೆ, ಕೊನೆಗೆ ಕಡಲ ದಂಡೆಗೆ ಒಯ್ದು ಸುಡುತ್ತಾರೆ. ಕಾಫಿ, ಬಿಸ್ಕತ್ತು, ಗಿಣ್ಣು, ಎಲ್ಲ ನಿಜವಾದ ಸಾವಿನ ಮನೆಯ ಹಾಗೆಯೇ. ಅಲ್ಲಿ ಪ್ರಾರ್ಥನೆ ಹೇಳುವವಳೂ ಲಿಬ್ರಾದಾಳೇ. ದೇವರ ಹೆಸರು, ಸಂತರ ಹೆಸರು ಒಂದೂ ಬರದಂತೆ ಅವಳೇ ಕಟ್ಟಿದ ಪ್ರಾರ್ಥನೆ ಅದು. "ಕೈಗೆ ಬಂದ ಚೆಂಡು ಬಿಟ್ಟವನೇ!" ಎಂದು ಅವಳು ಎಳೆದು ಹೇಳಿದರೆ ಜನ "ಅವನಿಗಾಗಿ ಅಳೋಣ!" ಎನ್ನಬೇಕು. "ಬ್ಯಾಟು ಹೆಗಲ ಮೇಲಿಟ್ಟುಕೊಂಡು ಆಕಾಶ ನೋಡಿದವನೇ!" "ಅವನಿಗಾಗಿ ಅಳೋಣ!" ನಗುತ್ತಾ ನಗುತ್ತಾ ಮುದುಕಿಯರು ನಿಜವಾಗಿ ಅತ್ತುಬಿಡುತ್ತಿದ್ದರು.

ಎಲ್ಲ ತಂಡಗಳಿಗೂ ಹೇಳಿದ್ದಳು, ತನ್ನ ಎತ್ತುಗಳಿಗೆ ಮಾತ್ರ ಇಲ್ಲ. ಅವು ಸೋತ ವರ್ಷ ಅವಳ ಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ. ಆಗ ತೆಲೆಸ್ಫೋರೊನೇ ತನ್ನ ಕತ್ತೆಯ ಕಂಠದಲ್ಲಿ ಅರಚಿ ಹೇಗೋ ಹೆಣ ಸಾಗಿಸುತ್ತಿದ್ದ. "ನಾನು ಬಾಯಿ ಬಿಟ್ರೆ ಹೋದೋರು ತಿರುಗಿ ಬರಲ್ಲ. ಎತ್ತುಗಳು ತಿರುಗಿ ಬರಬೇಕು" ಎಂಬುದು ಅವಳ ವಾದ. ಊರಿನ ಹಸಿರು ಟೋಪಿಯವರೆಲ್ಲ ಅದನ್ನು ಕಣ್ಣು ಮುಚ್ಚಿ ಒಪ್ಪಿದ್ದರು.

ಇದರ ಹಿಂದೆ ಇನ್ನೊಂದು ಸಂಗತಿ ಇತ್ತು. ಊರಿಗೆಲ್ಲ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ.

ಲಿಬ್ರಾದಾಳ ಗಂಡ ಎಲಾದಿಯೊ ಕಾರ್ಖಾನೆಗೆ ಕಬ್ಬಿನ ಗಾಡಿ ಹೊಡೆಯುತ್ತಿದ್ದವನು. ಮಾತು ಕಡಿಮೆ. ನಿಜವಾದ ಎತ್ತುಗಳ ಜೊತೆ ಹಗಲು, ರೇಡಿಯೋದ ಎತ್ತುಗಳ ಜೊತೆ ಸಂಜೆ, ಅಷ್ಟೇ ಅವನ ಬದುಕು. ಲಿಬ್ರಾದಾ ಆಟಗಾರರನ್ನು ಬೈಯುತ್ತಿದ್ದರೆ ಅವನು ಹಸಿರು ಟೋಪಿಯನ್ನು ಮೊಣಕಾಲಿಗೆ ತೊಡಿಸಿಕೊಂಡು ನಗುತ್ತಿದ್ದ. ಮೂರು ವರ್ಷದ ಹಿಂದೆ, ಪಂದ್ಯಾವಳಿ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ಅವನು ತೀರಿಕೊಂಡ. ಲಿಬ್ರಾದಾ ತಾನೇ ತಲೆದೆಸೆಯಲ್ಲಿ ಮೇಣದಬತ್ತಿ ಹಚ್ಚಿದಳು, ಕುರ್ಚಿ ಎಳೆದು ಕೂತಳು, ಬಾಯಿ ತೆರೆದಳು. ದನಿ ಬರಲಿಲ್ಲ. ಇಷ್ಟು ಜನರನ್ನು ಕಳಿಸಿಕೊಟ್ಟ ಬಾಯಿ ಅದು. ಮನೆ ತುಂಬ ಜನ ಕಾದರು. ಕೊನೆಗೆ ಕಾಫಿ ಹಂಚುತ್ತಿದ್ದ ತೆಲೆಸ್ಫೋರೊ ತಟ್ಟೆ ಕೆಳಗಿಟ್ಟು, ಕೈಯನ್ನು ಷರಾಯಿಗೆ ಒರೆಸಿಕೊಂಡು, ಮೊಣಕಾಲೂರಿ ತಾನೇ ಶುರು ಮಾಡಿದ. ಒಬ್ಬ ಸಂತನನ್ನು ಎರಡೆರಡು ಸಲ ಕರೆದ, ಇನ್ನೊಬ್ಬನನ್ನು ಮರೆತೇಬಿಟ್ಟ, ರಾಗವಂತೂ ಎಣ್ಣೆ ಹಾಕದ ಗಾಡಿಯ ಕೀಲಿನ ಹಾಗೆ. ಒಂಬತ್ತು ಸಂಜೆಯೂ ಬಂದು ಹಾಗೆಯೇ ಹೇಳಿದ. ಲಿಬ್ರಾದಾ ನೆಲ ನೋಡುತ್ತಾ ಕೂತಿದ್ದಳು.

ಆಮೇಲೆ ಬೇರೆಯವರ ಮನೆಯಲ್ಲಿ ಅವಳ ದನಿ ಮರಳಿತು. ಆದರೆ ಊರಿನ ಅತಿ ಒಳ್ಳೆಯ ಕಂಠ ತನ್ನ ಗಂಡನಿಗೇ ದಕ್ಕಲಿಲ್ಲವಲ್ಲ ಎಂಬುದು ಅವಳೊಳಗೆ ಮುಳ್ಳಾಗಿ ಉಳಿಯಿತು. ಹಸಿರು ಟೋಪಿ ರೇಡಿಯೋದ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ಆಟ ಮುಗಿದ ಮೇಲೆ ಅವಳು ಅದಕ್ಕೆ, "ನೋಡಿದ್ಯಾ, ಮತ್ತೆ ಮುಳುಗಿಸಿದ್ರು" ಎಂದು ಹೇಳಿ ದೀಪ ಆರಿಸುತ್ತಿದ್ದಳು. ಎತ್ತುಗಳಿಗೆ ಪ್ರಾರ್ಥನೆ ಹೇಳಿ ಕಳಿಸಿಬಿಟ್ಟರೆ ಆ ಟೋಪಿಗೆ ಹೇಳಲು ಇನ್ನೇನು ಉಳಿಯುತ್ತದೆ? ಮೂರು ವರ್ಷದಿಂದ ಅವಳ ಚಿಲಕದ ನಿಜವಾದ ಕಾರಣ ಇದು. ಊರನ್ನೆಲ್ಲ ಗೇಲಿ ಮಾಡುವ ತೆಲೆಸ್ಫೋರೊ ಈ ಒಂದನ್ನು ಮಾತ್ರ ಎಂದೂ ನಾಲಿಗೆಗೆ ತಂದಿರಲಿಲ್ಲ.

ಈ ವರ್ಷ ತಂದ. ಬೇಕೆಂದು ತಂದದ್ದಲ್ಲ.

ಈ ವರ್ಷ ಎತ್ತುಗಳಿಗೆ ಏನಾಗಿತ್ತೋ, ಅಕ್ಟೋಬರಿನಿಂದಲೇ ಗೆಲ್ಲತೊಡಗಿದ್ದವು. ರೊಸೆಂದೊನ ಚೆಂಡಿಗೂ ವೇಗ ಬಂದಿತ್ತು. ಕ್ರಿಸ್‌ಮಸ್ ಹೊತ್ತಿಗೆ ಎತ್ತುಗಳು ಎಲ್ಲರಿಗಿಂತ ಮೇಲೆ, ಬೆಳ್ಳಕ್ಕಿಗಳು ಅವುಗಳ ಬಾಲದಲ್ಲಿ. ಲಿಬ್ರಾದಾ ಅಂಗಡಿಗೆ ಬರುವ ನಡಿಗೆಯೇ ಬದಲಾಗಿತ್ತು.

"ಕೊಂಪಾದ್ರೆ, ಬಿಳಿ ಬಣ್ಣ ಇದೆಯಾ? ಚಿಚೊನ ಪೆಟ್ಟಿಗೆಗೆ ಬೇಕಾಗುತ್ತೆ."

"ಬೆಳ್ಳಕ್ಕಿ ಕೂರೋದು ಎತ್ತಿನ ಬೆನ್ನ ಮೇಲೇನೇ, ಕೊಮಾದ್ರೆ. ಜನವರಿ ಬರ್ಲಿ."

"ಕೂರ್ಲಿ. ಬಾಲ ಇರೋದು ಯಾಕೆ ಅಂದ್ಕೊಂಡಿದೀಯ?"

ಬೆಂಚಿನವರು ಹೋ ಎಂದು ನಕ್ಕರು. ತೆಲೆಸ್ಫೋರೊನ ಕಿವಿ ಕೆಂಪಾಯಿತು. "ನಗ್ತೀರಾ? ಸೋತ್ರೆ ಮತ್ತೆ ಚಿಲಕ ಹಾಕ್ಕೊಂಡು ಕೂರ್ತಾರೆ ನೋಡಿ. ಊರಲ್ಲಿರೋ ಹೆಣಕ್ಕೆಲ್ಲ ಹಾಡ್ತಾರೆ, ತಮ್ಮ ಮನೆ ಹೆಣಕ್ಕೆ ಮಾತ್ರ..."

ಅಲ್ಲಿಗೆ ನಿಲ್ಲಿಸಿದ. ಆದರೆ ಹೇಳಬೇಕಾದದ್ದೆಲ್ಲ ಹೇಳಿ ಆಗಿತ್ತು. ಡೊಮಿನೊ ಕಾಯಿ ಹಿಡಿದ ಕೈಗಳು ಹಾಗೇ ನಿಂತವು. ತೆಲೆಸ್ಫೋರೊ ಅಂಗಡಿಯ ಒಳಗಿನ ಕತ್ತಲೆಗೆ ಹೋಗಿ ಅವಿತುಕೊಳ್ಳಲು ಜಾಗ ಹುಡುಕುವವನಂತೆ ನೋಡಿದ.

ಕೊನೆಗೆ ಲಿಬ್ರಾದಾಳೇ ಬಾಯಿ ತೆರೆದಳು. "ಪಂಥ ಕಟ್ತೀಯಾ? ಎತ್ತುಗಳು ಅಂತಿಮ ಪಂದ್ಯದಲ್ಲಿ ಸೋತ್ರೆ ನಾನೇ ಬಂದು ಪ್ರಾರ್ಥನೆ ಹೇಳ್ತೀನಿ, ಎಲ್ಲರ ಮುಂದೆ. ಬೆಳ್ಳಕ್ಕಿ ಸೋತ್ರೆ ಪೆಟ್ಟಿಗೆ ಒಳಗೆ ಹೆಣವಾಗಿ ಮಲಗೋದು ನೀನು."

ತೆಲೆಸ್ಫೋರೊಗೆ ಶವಪೆಟ್ಟಿಗೆ ಎಂದರೆ ಎಂಥ ಭಯವೆಂದರೆ ಚಿಚೊನ ಅಂಗಡಿಯ ಮುಂದೆ ಹೋಗಬೇಕಾದರೆ ರಸ್ತೆಯ ಆಚೆ ಬದಿ ಹಿಡಿಯುತ್ತಿದ್ದ. ಆದರೂ, ಮಾಡಿದ ತಪ್ಪಿಗೆ ಇದೇ ದಂಡ ಎಂದುಕೊಂಡನೋ ಏನೋ, "ಆಯ್ತು ಕೊಮಾದ್ರೆ" ಎಂದ. ಅವಳು ಹೊರಡುವಾಗ ಚೀಲಕ್ಕೆ ಹಬ್ಬದ ದೊಡ್ಡ ಬ್ರೆಡ್ಡೊಂದನ್ನು ಕೇಳದೆಯೇ ಹಾಕಿದ.

ಕೊನೆಯ ಪಂದ್ಯ ರಾಜಧಾನಿಯಲ್ಲಿ, ಭಾನುವಾರ ಮಧ್ಯಾಹ್ನ. ಊರಿಗೆ ಊರೇ ಅಂಗಡಿಯ ಮುಂದೆ ಸೇರಿತ್ತು. ತೆಲೆಸ್ಫೋರೊ ರೇಡಿಯೋವನ್ನು ಕಿಟಕಿಯಲ್ಲಿಟ್ಟಿದ್ದ. ಚಿಚೊ ಬಿಳಿ ಬಳಿದ ಪೆಟ್ಟಿಗೆಯನ್ನು ಮುಂಚಿತವಾಗಿಯೇ ತಂದು ಎರಡು ಸ್ಟೂಲಿನ ಮೇಲೆ ಇಟ್ಟಿದ್ದ. ಅವನೂ ಹಸಿರು ಟೋಪಿಯವನೇ, ಅವಸರ ತಡೆಯಲಿಲ್ಲ.

ಎಂಟು ಇನಿಂಗ್ಸ್ ಮುಗಿದಾಗ ಎತ್ತುಗಳು ಮೂರು ರನ್ ಮುಂದೆ. ಒಂಬತ್ತನೆಯದೇ ಕೊನೆಯದು, ಅದರ ಕೊನೆಯ ಸರದಿ ಬೆಳ್ಳಕ್ಕಿಗಳದ್ದು. ಒಬ್ಬ ಔಟ್. ಇನ್ನೊಬ್ಬ ಔಟ್. ಇನ್ನೊಂದು ಔಟ್ ಸಿಕ್ಕರೆ ಮುಗಿಯಿತು. ಜನ ತಡೆಯುತ್ತಾರೆಯೇ? ನಾಲ್ಕು ಜನ ಸೇರಿ ತೆಲೆಸ್ಫೋರೊನನ್ನು ಎತ್ತಿ ಪೆಟ್ಟಿಗೆಯಲ್ಲಿ ಮಲಗಿಸಿದರು. ಚಿಚೊ ಅವನ ಮೂಗಿಗೆ ಹತ್ತಿ ತುರುಕಿದ.

"ಇನ್ನೂ ಒಂದು ಔಟ್ ಇದೆ ಕಣ್ರೋ!" ಎಂದ ಹೆಣ, ಮೂಗಿನಲ್ಲೇ.

"ಹೆಣ ಮಾತಾಡ್ಬಾರ್ದು. ದೋನ್ಯಾ, ಶುರು ಮಾಡಿ!"

ಲಿಬ್ರಾದಾ ಮೇಣದಬತ್ತಿ ಹಿಡಿದು ನಿಂತಿದ್ದಳು. ಉಸಿರಿರುವ ತನಕ ಇಲ್ಲ ಎಂಬ ಕಟ್ಟುನಿಟ್ಟು ಅವಳಿಗೆ ನೆನಪಾಗದೆ ಇರಲಿಲ್ಲ. ಆದರೆ ಎಷ್ಟೋ ವರ್ಷದ ಮೇಲೆ ಗೆಲುವು ಕೈಗೆ ಬಂದಿದೆ, ಊರೆಲ್ಲ ಅವಳನ್ನೇ ನೋಡುತ್ತಿದೆ, ಪೆಟ್ಟಿಗೆಯಲ್ಲಿ ಕೊಂಪಾದ್ರೆ ಕಣ್ಣು ಬಿಗಿಯಾಗಿ ಮುಚ್ಚಿ ಮಲಗಿದ್ದಾನೆ. ಹಚ್ಚಿಯೇಬಿಟ್ಟಳು. "ಒಂಟಿಕಾಲಲ್ಲಿ ನಿಂತು ನಿದ್ದೆ ಹೋದವನೇ!" ಎಂದಳು. "ಅವನಿಗಾಗಿ ಅಳೋಣ!" ಎಂದಿತು ಬೀದಿ.

ಅಷ್ಟರಲ್ಲಿ ರೇಡಿಯೋದವನು ಏನೋ ಹೇಳಿದ. ರೊಸೆಂದೊ ಎಸೆದ ಚೆಂಡುಗಳೆಲ್ಲ ಹೊರಗೆ ಹೋಗಿ ಒಬ್ಬನಿಗೆ ಬೇಸ್ ಪುಕ್ಕಟೆ ಸಿಕ್ಕಿತ್ತು. "ಬಿಸಿಲು ಕಂಡರೆ ಗರಿ ಬಿಚ್ಚಿದವನೇ!" "ಅವನಿಗಾಗಿ ಅಳೋಣ!" ಇನ್ನೊಬ್ಬ ಹೊಡೆದು ಬೇಸ್ ಸೇರಿದ. ಮತ್ತೊಬ್ಬನೂ ಸೇರಿದ. ಈಗ "ಅಳೋಣ" ಎನ್ನುವವರ ಸಂಖ್ಯೆ ಇಳಿದಿತ್ತು. ಬ್ಯಾಟು ಹಿಡಿದು ಬಂದವನು ದುಂಡ ನಿಕಾನೋರ್. ಲಿಬ್ರಾದಾಳ ಬಾಯಿ ಅರ್ಧಕ್ಕೆ ನಿಂತಿತು. ರೇಡಿಯೋದವನ ದನಿ ಏರಿತು, ಏರಿತು, ಆಮೇಲೆ ಒಡೆದುಹೋಯಿತು. ಹೋಮ್ ರನ್, ಚೆಂಡು ಬೇಲಿಯಾಚೆ. ಬೇಸ್‌ಗಳ ಮೇಲಿದ್ದ ಮೂವರ ಜೊತೆ ಅವನೂ ಒಳಗೆ ಬಂದು ನಾಲ್ಕು ರನ್. ಅಲ್ಲಿಗೆ ಆಟ ಮುಗಿಯಿತು.

ಬೀದಿ ಸತ್ತಂತೆ ನಿಂತಿರುವಾಗ, ಪೆಟ್ಟಿಗೆಯಲ್ಲಿದ್ದ ಹೆಣ ಎದ್ದು ಕೂತು, ಮೂಗಿನಿಂದ ಹತ್ತಿ ಕಿತ್ತು, ಎರಡೂ ಕೈ ಮೇಲೆತ್ತಿ ಕೂಗಿತು.

"ಬದುಕಿರೋರಿಗೆ ಹೇಳಿದ್ರೆ ಎದ್ದು ಕೂತ್ಕೋತಾರೆ ಅಂತ ನೀವೇ ಹೇಳಿರ್ಲಿಲ್ವ ಕೊಮಾದ್ರೆ!"

ಹಸಿರು ಟೋಪಿಯವರೆಲ್ಲ ಲಿಬ್ರಾದಾಳ ಕಡೆ ತಿರುಗಿದರು. ರೊಸೆಂದೊನನ್ನು ಬೈಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಚಿಚೊ ಮೆಲ್ಲನೆ, "ಒಂದು ಔಟ್ ಕಾಯ್ಬಾರ್ದಿತ್ತಾ ದೋನ್ಯಾ?" ಎಂದ. ಶುರು ಮಾಡಿ ಎಂದು ಕೂಗಿದವನು ತಾನೇ ಎಂಬುದನ್ನು ಅವನು ಆಗಲೇ ಮರೆತಿದ್ದ. ಲಿಬ್ರಾದಾ ಮೇಣದಬತ್ತಿ ಊದಿ ಆರಿಸಿ ಮನೆಗೆ ಹೋದಳು. ಟೋಪಿಗೆ ಅಂದು ಏನೂ ಹೇಳಲಿಲ್ಲ. ತನ್ನ ಬಾಯಿಯಿಂದಲೇ ಹೀಗಾಯಿತೆಂದು ಅವಳಿಗೂ ಖಚಿತವಾಗಿತ್ತು.

ಮಾರನೆಯ ಬೆಳಿಗ್ಗೆ ತೆಲೆಸ್ಫೋರೊ ಬಾಗಿಲಿಗೆ ಬಂದ. ಗೆದ್ದವನ ಮುಖವಲ್ಲ ಅದು.

"ಕೊಮಾದ್ರೆ, ಪಂಥಗಿಂಥ ಬಿಡಿ. ತಮಾಷೆಗೆ ಆಡಿದ್ದು. ನಾನೇ ಅರಚ್ತೀನಿ, ಪ್ರತಿಸಲದ ಹಾಗೆ. ಅವತ್ತು ನನ್ನ ಬಾಯಲ್ಲಿ ಆ ಮಾತು ಬರಬಾರ್ದಿತ್ತು."

"ನೀನು ಅರಚಿದ್ರೆ ಸತ್ತಿರೋ ಎತ್ತುಗಳು ಇನ್ನೊಂದ್ಸಲ ಸಾಯ್ತಾವೆ. ಹೋಗು, ಕಾಫಿಗೆ ನೀರಿಡು. ಸಂಜೆ ಬರ್ತೀನಿ."

"ಬರ್ಲೇಬೇಕು ಅಂತ ಇಲ್ಲ."

"ಹೋಗು ಅಂದ್ನಲ್ಲ!"

ಸಂಜೆ ಬಿಸಿಲು ಇಳಿಯುವಾಗ ಅವಳು ಬಂದಳು, ಕಪ್ಪು ಲಂಗ, ಜಪಮಾಲೆ, ಕೈಯಲ್ಲಿ ಎಲಾದಿಯೊನ ಹಸಿರು ಟೋಪಿ. ಚಿಚೊ ಬಿಳಿಯ ಮೇಲೆ ಹಸಿರು ಬಳಿದಿದ್ದ ಪೆಟ್ಟಿಗೆ ಇನ್ನೂ ಅಂಟುತ್ತಿತ್ತು. ಒಳಗೆ ಏನೂ ಇರಲಿಲ್ಲ. ಹೆಣವಿಲ್ಲದ ಪೆಟ್ಟಿಗೆಗೆ ಹೇಗೆ ಹೇಳುವುದು ಎಂದು ಗೊಣಗಿಕೊಂಡು ಅವಳು ಟೋಪಿಯನ್ನು ಅದರೊಳಗೆ ಇಟ್ಟಳು. ಅದನ್ನು ಕಂಡು ಬಿಳಿ ಅಂಗಿಯವರ ನಗು ಸ್ವಲ್ಪ ತಗ್ಗಿತು. ಅದು ಯಾರ ಟೋಪಿ ಎಂದು ಎಲ್ಲರಿಗೂ ಗೊತ್ತು.

ಮೇಣದಬತ್ತಿ ಹಚ್ಚಿದಳು. ಕುರ್ಚಿ ಎಳೆದು ಕೂತಳು. ಬಾಯಿ ತೆರೆದಳು.

ದನಿ ಬರಲಿಲ್ಲ.

ಅವಳ ಮುಖ ಮೂರು ವರ್ಷದ ಹಿಂದಿನದೇ ಆಯಿತು. ಕಾಫಿ ಹಂಚುತ್ತಿದ್ದ ತೆಲೆಸ್ಫೋರೊ ತಟ್ಟೆಯನ್ನು ಕೆಳಗಿಟ್ಟ, ಕೈಯನ್ನು ಷರಾಯಿಗೆ ಒರೆಸಿಕೊಂಡ, ಪೆಟ್ಟಿಗೆಯ ಇನ್ನೊಂದು ಬದಿಯಲ್ಲಿ ಮೊಣಕಾಲೂರಿದ. "ಕೈಗೆ ಬಂದ ಚೆಂಡು..." ಎಂದು ಶುರು ಮಾಡಿದ. ಕತ್ತೆಯೂ ನಾಚಬೇಕು, ಹಾಗಿತ್ತು.

"ಸುಮ್ನಿರೋ!" ಎಂದಳು ಲಿಬ್ರಾದಾ. ಬೈಗುಳ ಗಂಟಲಿನಿಂದ ಸಲೀಸಾಗಿ ಬಂದುಬಿಟ್ಟಿತ್ತು. ಅದರ ಹಿಂದೆಯೇ, ಕದ ತೆಗೆದ ಹಾಗೆ, ಉಳಿದದ್ದೂ ಬಂತು. "ಕೈಗೆ ಬಂದ ಚೆಂಡು ಬಿಟ್ಟವನೇ!" ಬೀದಿ "ಅವನಿಗಾಗಿ ಅಳೋಣ!" ಎಂದಿತು. "ಕೊನೆಯ ಔಟಿಗೆ ಕೈ ನಡುಗಿದವನೇ!" "ಅವನಿಗಾಗಿ ಅಳೋಣ!" "ಒಂದು ಔಟ್ ಕಾಯಲಾರದೆ ಬಾಯಿ ತೆರೆದವಳೇ!" ಎಂದು ತನ್ನನ್ನೂ ಸೇರಿಸಿಕೊಂಡಳು. ಜನ ಹೊಟ್ಟೆ ಹಿಡಿದು ನಕ್ಕರು. "ಅವಳಿಗಾಗಿ ಅಳೋಣ!"

"ಸೋತ ದಿನವೂ ಮೊಣಕಾಲಿಗೆ ಟೋಪಿ ತೊಡಿಸಿ ನಕ್ಕವನೇ" ಎಂದಳು ಆಮೇಲೆ.

ನಗು ಅರ್ಧಕ್ಕೆ ನಿಂತಿತು. ಅವಳ ಕಣ್ಣು ಟೋಪಿಯ ಮೇಲಿತ್ತು. ಆಗ ಅವಳು, ಆಟದ ಪ್ರಾರ್ಥನೆಯಲ್ಲಿ ಎಂದೂ ಬರಬಾರದೆಂದು ತಾನೇ ಕಟ್ಟು ಮಾಡಿದ್ದ ಹೆಸರನ್ನು ಹಿಡಿದಳು. "ಪವಿತ್ರ ಮರಿಯಮ್ಮಾ, ನನ್ನ ಎಲಾದಿಯೊಗಾಗಿ ಬೇಡಿಕೋ."

ಬಿಳಿ ಅಂಗಿಯವರು, ಹಸಿರು ಟೋಪಿಯವರು, ಎಲ್ಲರೂ ಟೋಪಿ ತೆಗೆದರು. "ಅವನಿಗಾಗಿ ಬೇಡಿಕೋ" ಎಂದರು. ಅವಳು ಸಂತರನ್ನು ಒಬ್ಬೊಬ್ಬರನ್ನಾಗಿ ಕರೆದಳು, ತೆಲೆಸ್ಫೋರೊ ಅಂದು ಮರೆತಿದ್ದವನನ್ನೂ ಸೇರಿಸಿ. ಅಂಥ ಪ್ರಾರ್ಥನೆಯನ್ನು ನಮ್ಮೂರು ಅದುವರೆಗೆ ಕೇಳಿರಲಿಲ್ಲ, ಅವಳ ಬಾಯಿಂದಲೂ. ಗೆದ್ದ ತೆಲೆಸ್ಫೋರೊ ಮೊಣಕಾಲ ಮೇಲಿದ್ದವನು ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದ.

ಮುಗಿದ ಮೇಲೆ ಚಿಚೊ ಹಿಂಜರಿಯುತ್ತಾ ಕೇಳಿದ, ಪೆಟ್ಟಿಗೆಯನ್ನು ವಾಡಿಕೆಯಂತೆ ಕಡಲ ದಂಡೆಗೆ ಒಯ್ದು ಸುಡುವುದೋ ಹೇಗೆ ಎಂದು.

"ಸುಡೋದು ಆಮೇಲೆ. ಒಳಗಿಡು" ಎಂದಳು ಲಿಬ್ರಾದಾ, ಟೋಪಿಯನ್ನು ಎತ್ತಿ ಧೂಳು ಕೊಡವುತ್ತಾ. "ಇವತ್ತು ಒಂದನೇ ಸಂಜೆ. ಇನ್ನೂ ಎಂಟಿದೆ."

"ಎತ್ತುಗಳಿಗೆ ಒಂಬತ್ತು ಸಂಜೇನಾ ಕೊಮಾದ್ರೆ?" ತೆಲೆಸ್ಫೋರೊ ಮೂಗೊರೆಸಿಕೊಂಡ.

"ಎತ್ತುಗಳಿಗೆ ಯಾಕೆ? ಅವು ಅಕ್ಟೋಬರಲ್ಲಿ ಬರ್ತಾವೆ. ಎಲಾದಿಯೊಗೆ."

ತೆಲೆಸ್ಫೋರೊ ತಲೆಯಾಡಿಸಿದ. ಕಾಫಿಯ ತಟ್ಟೆ ಎತ್ತಿಕೊಂಡ. "ನಾನೂ ಬರ್ಲಾ? ಜೊತೆಗೆ ಹೇಳೋಕೆ?"

"ಬಾ. ಕಾಫಿ ನಿನ್ನ ಅಂಗಡೀದೇ. ಆದ್ರೆ ನೀನು ಹೇಳ್ಬೇಡ ಕೊಂಪಾದ್ರೆ, ಸುಮ್ನೆ ಕೂತ್ಕೋ. ಅವನು ನಿನ್ನ ರಾಗಾನ ಒಂಬತ್ತು ಸಂಜೆ ಸಹಿಸ್ಕೊಂಡಿದಾನೆ, ಸಾಕು."